ಹುಲ್ಲುಗಾವಲಿನಡಿಯ ಕಡಲು

ಕ್ಯಾನ್ಸಸ್ ಬಯಲಿನ ಆ ಕಾಲೇಜು ಅಂದರೆ ಒಂದೇ ಒಂದು ಕಲ್ಲು ಕಟ್ಟಡ. ಸುತ್ತ ಕಣ್ಣು ಹಾಯುವಷ್ಟೂ ಹುಲ್ಲು. ಅದಕ್ಕೆ ಮೊದಲ ಅಧ್ಯಕ್ಷನಾಗಿ ಬಂದವನು ಆಲ್ಫಿಯಸ್ ಬರ್ಡಿಕ್. ಹೆಸರಿಗೆ ಅಧ್ಯಕ್ಷ. ಬೆಳಿಗ್ಗೆ ಒಲೆಗೆ ಕಲ್ಲಿದ್ದಲು ಹಾಕುವವನೂ ಅವನೇ, ಗಂಟೆ ಬಾರಿಸುವವನೂ ಅವನೇ, ಪ್ರಾರ್ಥನೆ ಮುಗಿದ ಮೇಲೆ ರಸಾಯನ, ಗಿಡಮರ, ಭೂಮಿ, ನಕ್ಷತ್ರಗಳ ಪಾಠ ಹೇಳುವವನೂ ಅವನೇ.

ಪಾಠಕ್ಕೆ ನಿಂತರೆ ಮಾತ್ರ ಆಸಾಮಿ ಬೇರೆಯೇ ಆಗಿಬಿಡುತ್ತಿದ್ದ. ಗೋಡೆಯ ಸುಣ್ಣಗಲ್ಲಿನಲ್ಲಿ ಹುದುಗಿ ಕಲ್ಲಾಗಿದ್ದ ಪುರಾತನ ಕಡಲಚಿಪ್ಪುಗಳ ಮೇಲೆ ಬೆರಳಾಡಿಸುತ್ತ ದನಿ ತಗ್ಗಿಸುತ್ತಿದ್ದ.

"ನಾವೀಗ ಕೂತಿರೋದು ಸಮುದ್ರದ ತಳದಲ್ಲಿ, ಮಕ್ಕಳೇ."

ಕಿಟಕಿಯಾಚೆ ಹುಲ್ಲು ಅಲೆಯಲೆಯಾಗಿ ಬಾಗುತ್ತಿತ್ತು. ವಿದ್ಯಾರ್ಥಿಗಳು ತಮಗೇ ತಿಳಿಯದಂತೆ ಕಾಲು ಮೇಲೆಳೆದುಕೊಳ್ಳುತ್ತಿದ್ದರು.

ಒಂದು ಬೇಸಿಗೆ ಕಾಲೇಜಿನ ಬಾವಿ ಬತ್ತಿತು. ಆಡಳಿತ ಮಂಡಳಿಯ ಹಿರಿಯ, ರೈತ ಹೋಸಿಯಾ ಪ್ರೂಯಿಟ್ ಬಾಗಿಲಲ್ಲೇ ನಿಂತು ಕೆಣಕಿದ: "ಅಧ್ಯಕ್ಷರೇ, ದಿನಾ ಸಮುದ್ರದ ಮಾತಾಡ್ತೀರಲ್ಲ, ಒಂದು ಬಕೆಟ್ ನೀರು ತರಿಸಿಕೊಡಿ ನೋಡೋಣ!"

"ಆಳಕ್ಕೆ ಕೊರೆದ್ರೆ ಸಿಗುತ್ತೆ ಪ್ರೂಯಿಟ್ ಅವರೇ. ಜಾಗ ನಾನು ತೋರಿಸ್ತೀನಿ."

ತೋರಿಸಿದ. ಕುದುರೆಗಳು ಗಾಣದೆತ್ತಿನಂತೆ ಸುತ್ತಿ ಸುತ್ತಿ ಕೊರೆಯುವ ಯಂತ್ರ ತಿರುಗಿಸಿದವು. ಕೊನೆಗೊಂದು ಮಧ್ಯಾಹ್ನ ನೀರು ಬುಳುಬುಳು ಉಕ್ಕಿ ಬಂತು. ಜನ ಟೋಪಿ ಮೇಲಕ್ಕೆಸೆದು ಕೂಗಿದರು. ಪ್ರೂಯಿಟ್ ತಗಡಿನ ಲೋಟದಲ್ಲಿ ಮೊದಲ ಗುಟುಕು ಕುಡಿದವನೇ ಉಗಿದ.

"ಥೂ! ಉಪ್ಪು ಕಣ್ರೀ! ದನಾನೂ ಮೂಸಲ್ಲ ಇದನ್ನ!"

ಎಲ್ಲರೂ ಬರ್ಡಿಕ್‌ನತ್ತ ತಿರುಗಿದರು. ಅವನು ಮೊಣಕಾಲೂರಿ ಬೊಗಸೆಯಲ್ಲಿ ನೀರೆತ್ತಿ, ಕಣ್ಣು ಮುಚ್ಚಿ ಸವಿಯುತ್ತಿದ್ದ.

"ಅದೇ ಹಳೇ ಕಡಲಿನ ನೀರು. ಇನ್ನೂ ಇಲ್ಲೇ ಇದೆ..." ಎಂದ ಮೆಲ್ಲಗೆ.

"ಮುಖ ನೋಡ್ರೋ, ಇವರಿಗೆ ಖುಷಿ ಬೇರೆ!" ಎಂದು ಪ್ರೂಯಿಟ್ ಸಿಡುಕಿದ. ಗುಂಪು ನಕ್ಕು, ಬೈದು, ಚದುರಿತು. ಖಾಲಿ ಬಕೆಟ್ ಹಿಡಿದು ಮರಳುವವರನ್ನು ಕಂಡಾಗಲೇ ಬರ್ಡಿಕ್‌ಗೆ ಎಚ್ಚರವಾದದ್ದು.

ಹೆಂಡತಿ ಫಿಲೀನಾ ಅಂಗಳದಲ್ಲೇ ಕೇಳಿದಳು: "ನೀರು ಕೇಳಿದೋರಿಗೆ ಕಡಲು ಕೊಟ್ಟು ಬಂದ್ರಂತೆ?"

ಅವನು ನಕ್ಕ. ಆಮೇಲೆ ನಗು ಇಳಿಯಿತು. "ಅವರ ಬಾಯಾರಿಕೆ ನನಗೆ ಮರೆತೇ ಹೋಗಿತ್ತು ಫಿಲೀನಾ. ಅಧ್ಯಕ್ಷನಾದವನಿಗೆ ಅದು ಮರೀಬಾರದು."

ಮಂಡಳಿ ಸೇರಿದಾಗ, ಯಾರೂ ಬಾಯಿ ತೆರೆಯುವ ಮುನ್ನ ತಾನೇ ಎದ್ದು ನಿಂತ. "ಕುರ್ಚಿ ಬೇರೆಯವರಿಗೆ ಕೊಡಿ. ಪಾಠ ಮಾತ್ರ ನನಗೆ ಬಿಡಿ." ಓಹಾಯೋದಿಂದ ಒಬ್ಬ ಪಾದ್ರಿ ಅಧ್ಯಕ್ಷನಾಗಿ ಬಂದ, ಚಾವಣಿಯ ಮಳೆನೀರು ಹಿಡಿಯಲು ತೊಟ್ಟಿ ಕಟ್ಟಿಸಿದ. ಅವನನ್ನು ಎಲ್ಲರಿಗಿಂತ ಮೊದಲು ಹೊಗಳಿದವನು ಬರ್ಡಿಕ್.

ಮಾರನೆಯ ವರ್ಷ ಪ್ರೂಯಿಟ್‌ನ ಮಗಳು ಕೆಝೈಯಾ ಹಟ ಹಿಡಿದು ಬರ್ಡಿಕ್‌ನ ತರಗತಿಗೆ ಸೇರಿದಳು. "ನಿಮ್ಮ ಹುಚ್ಚು ಇವಳಿಗೆ ಅಂಟಿಸಬೇಡಿ" ಎಂದು ಅಪ್ಪ ಗೊಣಗಿದ. ವಸಂತದಲ್ಲಿ ತರಗತಿ ಸೀಮೆಸುಣ್ಣದ ದಿಬ್ಬಗಳಿಗೆ ಹೋದಾಗ, ಬಿಳಿ ಬಂಡೆಯೊಳಗೆ ಮಲಗಿದ್ದ ದೈತ್ಯ ಮೀನಿನ ಬೆನ್ನೆಲುಬು ಕಂಡದ್ದು ಅವಳಿಗೇ. ಅದನ್ನು ಸಾಗಿಸಲು ಗಾಡಿ ಹೂಡಿ ಬಂದ ಪ್ರೂಯಿಟ್ ಟೋಪಿ ತೆಗೆದ. ಹಲ್ಲಿನ ಸಾಲನ್ನು ಅಂಜುತ್ತಂಜುತ್ತ ಮುಟ್ಟಿದ.

"ಇದು ಈಜ್ತಿತ್ತಾ? ಇಲ್ಲೇ?"

"ಇಲ್ಲೇ," ಎಂದ ಬರ್ಡಿಕ್. "ಈಗ ನಮ್ಮ ತಲೆ ಇರೋ ಎತ್ತರಕ್ಕಿಂತ ಎಷ್ಟೋ ಮೇಲೆ."

ಎಲ್ಲರೂ ತಲೆಯೆತ್ತಿದರು. ಆಕಾಶ ತಿಳಿಯಾಗಿ, ತುಂಬಾ ಆಳವಾಗಿತ್ತು.

ಬರ್ಡಿಕ್ ದನಿ ಕುಂದುವವರೆಗೂ ಪಾಠ ಹೇಳಿದ. ಆಮೇಲೆ ಆ ತರಗತಿಯನ್ನು ಕೆಝೈಯಾ ವಹಿಸಿಕೊಂಡಳು. ಅವನು ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದ.