ಹುಗ್ಗಿಗೆ ಹಾರಿದ ನೊಣ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಕರಜಗಿಯಿಂದ ಅಫಜಲಪುರಕ್ಕೆ ಬಸ್ಸಿನಲ್ಲಿ ನಿಂತೇ ಹೋಗಿ, ರಜೆ ಇದ್ದಾಗ ಕಬ್ಬು ಕಡಿದು, ಪ್ರಾಣಿಶಾಸ್ತ್ರದಲ್ಲಿ ಪಾಸಾದೆ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಮಗಳು ಪಾಸಾದರೆ ಅಯ್ಯನವರಿಗೆ ಗೋಧಿ-ಬೆಲ್ಲದ ಹುಗ್ಗಿಯ ಪ್ರಸಾದ ಮಾಡಿಸುತ್ತೇನೆಂದು ಅವ್ವ ಹರಕೆ ಹೊತ್ತಿದ್ದಳು. ಊರಿನ ಜಂಗಮರಾದ ಅಯ್ಯನವರು ಅದುವರೆಗೆ ನಮ್ಮ ಹೊಸ್ತಿಲಲ್ಲೇ ಜೋಳ ಪಡೆದು ಮುಂದೆ ಹೋಗುತ್ತಿದ್ದರು. ಒಳಗೆ ಕೂತು ಉಂಡವರಲ್ಲ. ಹೋದ ವರ್ಷ ಒಪ್ಪಿ ಬಂದರು. ಅರ್ಧಕ್ಕೆ ಎದ್ದು ಹೋದರೆ ಓಣಿಯವರು ಅವ್ವನನ್ನು ಸಾಯುವ ತನಕ ಆಡಿಕೊಳ್ಳುತ್ತಿದ್ದರು. ಅದನ್ನು ನೋಡಲೆಂದೇ ಪಕ್ಕದ ಮನೆಯ ಕಾಕಿ ಬಾಗಿಲಿಗೆ ಬಂದು ನಿಂತಿದ್ದಳು.

ಕಬ್ಬಿನ ಹಂಗಾಮು, ನೊಣಗಳೆಂದರೆ ನೊಣ. ಅಪ್ಪನ ಬಂಡಿಯ ಎತ್ತಿಗೆ ನೊಗ ಉಜ್ಜಿ ಹೆಗಲು ಹುಣ್ಣಾಗಿ ಕೀವು ಸುರಿಯುತ್ತಿತ್ತು. ಆ ಕೀವಿನ ಮೇಲಿಂದ ಎದ್ದ ನೊಣ ನೇರ ಅಡುಗೆಮನೆಗೆ ಬರುತ್ತಿತ್ತು. ನೊಣ ಕಾಲಿನಿಂದಲೇ ರುಚಿ ನೋಡುತ್ತದೆ. ತಿನಿಸಿನ ಮೇಲೆ ಕಾರಿ, ಕರಗಿಸಿ, ಹೀರುತ್ತದೆ. ಓದಿದಂದಿನಿಂದ ನನಗೆ ಊಟವೇ ಕಷ್ಟವಾಗಿತ್ತು.

ಅವ್ವ ಹುಗ್ಗಿ ಬಡಿಸಿ ಮೇಲೆ ತುಪ್ಪ ಸುರಿದಳು. ಲಿಂಗಕ್ಕೆ ಅರ್ಪಿಸುವ ತನಕ ಉಣ್ಣುವಂತಿಲ್ಲ, ಬಡಿಸಿದ ತಾಟು ಮುಚ್ಚುವಂತಿಲ್ಲ. ಅಯ್ಯನವರು ಅಂಗೈಯ ಲಿಂಗದಲ್ಲಿ ಕಣ್ಣು ನೆಟ್ಟರು. ಅಪ್ಪ ಎದುರಿಗೆ ನಿಂತು ಟವೆಲ್ ಬೀಸತೊಡಗಿದ. ತಾಟಿನ ಅವನ ಕಡೆಯ ಅಂಚಿನ ಮೇಲೆ ಒಂದು ನೊಣ ಕೂತು ಕಾಲು ಉಜ್ಜುತ್ತಿತ್ತು.

"ಅಪ್ಪಾ, ಎದುರಿಂದ ಬೀಸಬ್ಯಾಡ," ಎಂದು ಪಿಸುಗುಟ್ಟಿದೆ. "ಅದು ತಾಟಿನಾಗೇ ಜಿಗೀತದ. ಅಯ್ಯನೋರ ಬಾಜೂ ಬಂದು ಬೀಸು."

"ಹಾಂ ಬೇ, ನೊಣದ ಮನಸ್ಸು ತಿಳೀಲಾಕ ಡಿಗ್ರಿ ಓದೀದಿ! ಬೀಸೋದೂ ನೀನೇ ಕಲಿಸ್ತೀ?" ಎಂದು ಅಪ್ಪ ಎದುರಿನಿಂದಲೇ ಜೋರಾಗಿ ಬೀಸಿದ.

ನೊಣಕ್ಕೆ ಅದು ಟವೆಲ್ ಅಲ್ಲ, ಕ್ಷಣಕ್ಷಣಕ್ಕೂ ದೊಡ್ಡದಾಗುತ್ತ ಮೈಮೇಲೆ ಬರುವ ಕಪ್ಪು. ಅದು ಬರುವ ದಿಕ್ಕನ್ನು ಕಣ್ಣು ಹಿಡಿದ ಕೂಡಲೇ, ಸಾಸಿವೆಗಿಂತ ಸಣ್ಣ ಮಿದುಳು ದಪ್ಪ ನರವೊಂದರಲ್ಲಿ ಕಾಲಿಗೆ ಸುದ್ದಿ ಮುಟ್ಟಿಸುತ್ತದೆ. ನೊಣ ಕಾಲು ಸರಿಸಿ, ಮೈ ವಾಲಿಸಿ, ಅಪಾಯಕ್ಕೆ ಬೆನ್ನಾಗುವ ಕಡೆಗೆ ಜಿಗಿಯುತ್ತದೆ. ಇಲ್ಲಿ ಆ ಕಡೆ ಇದ್ದದ್ದು ಹುಗ್ಗಿ. ಜಿಗಿಯಿತು. ತುಪ್ಪದಲ್ಲಿ ರೆಕ್ಕೆ ಅಂಟಿ, ಬೆನ್ನ ಮೇಲೆ ಬಿದ್ದು ಗುಂಯ್ ಎಂದಿತು.

ಅಯ್ಯನವರು ಕಣ್ಣೆತ್ತಿ ನೋಡಿದರು. ಅಪ್ಪನ ಕೈ ನಿಂತಿತು.

"ಏಳ್ತಾರ ನೋಡು ಈಗ," ಎಂದಳು ಕಾಕಿ.

"ಪ್ರಸಾದ ಅದ. ಬಿಡಲಾಕ ಬರಂಗಿಲ್ಲ," ಎಂದರು ಅಯ್ಯನವರು. ಬೆರಳಿನಿಂದ ನೊಣವನ್ನು ಎತ್ತಿ ಪಕ್ಕಕ್ಕೆ ಒರೆಸಿ, ಅದೇ ಬೆರಳಿನಿಂದ ಕಲಸಿ ಉಂಡರು. ನೊಣದ ಮುರಿದ ಕಾಲೊಂದು ಅವರ ಮೀಸೆಯ ತುಪ್ಪಕ್ಕೆ ಅಂಟಿಕೊಂಡಿತ್ತು. ತಾಟು ತೊಳೆದು, ಆ ಮಸುಕು ನೀರನ್ನೂ ಕುಡಿಯುವುದು ಪದ್ಧತಿ. ಅದಕ್ಕೆ ಮೊದಲು ಕೊನೆಯ ತುತ್ತೊಂದನ್ನು ಎತ್ತಿ ಹಿಡಿದರು.

"ಬಾರವ್ವಾ. ಕಲಿತ ಮಗಳು. ನಿನ್ನ ಸಲುವಾಗೇ ಬಂದೀನಿ."

ಎಳೆಎಳೆಯಾಗಿ ತುಪ್ಪ ಸೋರುವ ಬೆರಳುಗಳು ನನ್ನ ಮುಖದತ್ತ ದೊಡ್ಡದಾಗುತ್ತ ಬಂದವು. ನೊಣವಾಗಿದ್ದರೆ ಎಂದೋ ಜಿಗಿದಿರುತ್ತಿದ್ದೆ. ಆದರೆ ನನ್ನ ಕಣ್ಣಿಗೂ ಕಾಲಿಗೂ ನಡುವೆ ಅವ್ವ ನಿಂತಿದ್ದಳು, ಕೈ ಮುಗಿದುಕೊಂಡು, ಉಸಿರು ಬಿಗಿಹಿಡಿದು.

ಬಾಯಿ ತೆರೆದೆ. ನಾಲಿಗೆಗೆ ಏನೋ ಒರಟು ಚೂರು ತಗಲಿತು, ಏಲಕ್ಕಿ ಎಂದುಕೊಂಡೆ. ಅವ್ವ ಏಲಕ್ಕಿ ಹಾಕಿರಲಿಲ್ಲ.

"ನುಂಗಿದೇನು?" ಎಂದು ಅವ್ವ ಕಣ್ಣಲ್ಲೇ ಕೇಳಿದಳು.

ನುಂಗಿದೆ. ಕಾಕಿ ಬಾಗಿಲಿನಿಂದ ಸರಿದು ಹೋದಳು.