ಬಾಸ್ ನುಡಿಸುವವಳ ಹೆಸರು

ನಮ್ಮಪ್ಪ ಡೆನ್ವರ್ ರಾಸ್ನಿಕ್‌ಗೆ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ತನಕ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ. ಬ್ಯಾಂಜೋ ಶ್ರುತಿ ಮಾಡುತ್ತಾ ಮಾತು, ಬೆವರು ಒರೆಸಿಕೊಳ್ಳುತ್ತಾ ಮಾತು. ಜನ ಬರುವುದೇ ಆ ಮಾತಿಗೆ ಎಂದು ನನ್ನ ತಮ್ಮ ಗಾರ್ಲಿನ್ ಹೇಳುತ್ತಾನೆ. ಅವನಿಗೇನು, ಗಿಟಾರ್ ಹಿಡಿದು ಹಲ್ಲು ಕಿರಿಯುತ್ತಾ ನಿಂತರಾಯಿತು. ಆ ಮಾತಿನ ರಾಶಿಯಲ್ಲಿ ಅಮ್ಮನ ಪಾಲಿಗೆ ಮೂವತ್ತೆಂಟು ವರ್ಷದಿಂದ ಬಂದಿರುವುದು ಒಂದೇ ಒಂದು ಹಾಸ್ಯ.

ನಮ್ಮ ವರ್ಜೀನಿಯಾದ ಈ ಗುಡ್ಡಗಳಲ್ಲಿ ಬ್ಲೂಗ್ರಾಸ್ ಎಂಬ ಹಳ್ಳಿಹಾಡಿನ ಬ್ಯಾಂಡು ಎಂದ ಮೇಲೆ ಕಾರ್ಯಕ್ರಮದ ನಡುವೆ ಒಮ್ಮೆ ಎಲ್ಲರ ಹೆಸರು ಹೇಳಬೇಕು. ನಮ್ಮಲ್ಲಿ ಮೊದಲು ಮ್ಯಾಂಡೊಲಿನ್, ಆಮೇಲೆ ಗಿಟಾರ್, ಕಟ್ಟಕಡೆಗೆ ಅಮ್ಮನ ಬಾಸ್, ಅಂದರೆ ಮಂದ್ರ ಸ್ವರದ ದೊಡ್ಡ ತಂತಿವಾದ್ಯ. ಬಾಸ್ ನುಡಿಸುವವರಿಗೆ ಒಂದು ಗೇಲಿ ಕಡ್ಡಾಯ. ಅಪ್ಪ "ಇನ್ನು ಬಾಸ್ ನುಡಿಸ್ತಿರೋಳು" ಎಂದು ನಿಲ್ಲಿಸಿ, ಟೋಪಿ ಸರಿಮಾಡಿಕೊಂಡು, "ಇವಳನ್ನ ಯಾಕೆ ಸೇರಿಸ್ಕೊಂಡ್ವಿ ಅಂತೀರಾ? ವ್ಯಾನು ಇವಳ್ದು" ಎನ್ನುತ್ತಾನೆ. ಆ ಮಾತು ಬಿದ್ದ ತಕ್ಷಣ ನಾನು ಮ್ಯಾಂಡೊಲಿನ್ ತಂತಿಗಳ ಮೇಲೆ ಟಕ್ಕನೆ ಒಂದು ಪೆಟ್ಟು ಕೊಡಬೇಕು. ಜನ ನಗಬೇಕು. ಹನ್ನೊಂದನೇ ವಯಸ್ಸಿನಿಂದ ಕೊಡುತ್ತಾ ಬಂದಿದ್ದೇನೆ. ಈಗ ನನಗೆ ಮೂವತ್ತೇಳು.

ವ್ಯಾನು ಅವಳದ್ದಾಗಿತ್ತು ಎನ್ನುವುದು ಸುಳ್ಳಲ್ಲ. ಅಮ್ಮನ ಅಪ್ಪ ಬ್ರೆಡ್ ಹಂಚುತ್ತಿದ್ದ ಗಾಡಿ ಅದು. ಓಲೀನ್ ಎಂಬ ಇಪ್ಪತ್ತರ ಹುಡುಗಿ ಮದುವೆಯಾಗಿ ಬರುವಾಗ ಅದನ್ನೂ ತಂದಳು. ಅದೇ ತಿಂಗಳು ಅಪ್ಪನ ಬಾಸಿನವನು ಗಣಿಯಲ್ಲಿ ಕೆಲಸ ಸಿಕ್ಕಿತೆಂದು ಬಿಟ್ಟುಹೋದ. ಅಮ್ಮ ಚರ್ಚಿನಲ್ಲಿ ಹಾಡುತ್ತಿದ್ದವಳು, ತನಗಿಂತ ಎತ್ತರದ ಆ ವಾದ್ಯವನ್ನು ಒಂಬತ್ತು ದಿನದಲ್ಲಿ ಕಲಿತಳು. ಬೆರಳ ಚರ್ಮ ಕಿತ್ತು ಬಂದಾಗ ಪಟ್ಟಿ ಸುತ್ತಿಕೊಂಡು ನುಡಿಸಿದಳು. ನಾನು ಎಂಟು ತಿಂಗಳ ಕೂಸಾಗಿ ಹೊಟ್ಟೆಯಲ್ಲಿದ್ದಾಗ ಬಾಸನ್ನು ಪಕ್ಕಕ್ಕೆ ವಾಲಿಸಿಕೊಂಡು ನುಡಿಸಿದಳಂತೆ. ವಾರದ ದಿನ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಊಟ, ಶನಿವಾರ ಬಂದರೆ ನಮ್ಮ ನಾಲ್ಕು ಅಂಗಿಗಳ ಇಸ್ತ್ರಿ, ಗಾಡಿ ಓಡಿಸುವುದು, ಆಮೇಲೆ ಬಾಸ್. ಅಪ್ಪನಿಗೆ ಚಪ್ಪಾಳೆ ಕೇಳಿದರೆ ತಲೆ ತಿರುಗಿ ಕೈ ಓಡತೊಡಗುತ್ತದೆ. ಹಿಂದೆ ನಿಂತು ಅವನ ಅಂಗಿಯ ಚುಂಗು ಹಿಡಿದಂತೆ ತಾಳಕ್ಕೆ ಎಳೆದು ತರುವವಳು ಅಮ್ಮ. ಅದು ಅವನಿಗೆ ಗೊತ್ತೇ ಇಲ್ಲ. ತನ್ನ ಕೈಯೇ ಅಷ್ಟು ಪಳಗಿದೆ ಎಂದುಕೊಂಡಿದ್ದಾನೆ.

ಈ ವರ್ಷ ಏಪ್ರಿಲ್‌ನಲ್ಲಿ, ಮೆಕ್ಕೆಜೋಳದ ಬ್ರೆಡ್ ಕೊಯ್ಯುತ್ತಿದ್ದ ಅಮ್ಮ ಚಾಕು ಕೆಳಗಿಟ್ಟಳು.

"ಡೆನ್ವರ್, ಈ ಸಲ ಲಿಕ್ ಫೋರ್ಕ್ ಉತ್ಸವದಲ್ಲಿ ನನ್ನ ಹೆಸರು ಹೇಳು. ವ್ಯಾನು ಬೇಡ."

"ನಿನ್ನ ಹೆಸರು ಯಾರಿಗೆ ಗೊತ್ತಿಲ್ವೇ?"

"ಯಾರಿಗೆ ಗೊತ್ತಿದೆ? ಹೋದ ವರ್ಷ ಕಕ್ಕಸಿನ ಸಾಲಲ್ಲಿ ಒಬ್ಬಳು 'ವ್ಯಾನಮ್ಮಾ, ಸ್ವಲ್ಪ ಮುಂದೆ ಹೋಗಿ' ಅಂದ್ಲು."

ಅಪ್ಪ ನಕ್ಕ. ಗಾರ್ಲಿನ್ನೂ ನಕ್ಕ. ಸುಳ್ಳು ಯಾಕೆ, ನನಗೂ ನಗು ಬಂತು.

"ನಗ್ರಿ," ಎಂದಳು ಅಮ್ಮ. "ಹೆಸರು ಜನರಿಗೆ ಮುಟ್ಲಿಲ್ಲ ಅಂದ್ರೆ ನಾನು ಕಿಲ್ಗೋರ್ ಅಕ್ಕತಂಗೀರ ಬ್ಯಾಂಡಿಗೆ ಹೋಗ್ತೀನಿ. ಅವರ ಬಾಸಿನವಳಿಗೆ ಮಂಡಿ ಆಪರೇಷನ್ನು. ಎರಡು ಸಲ ಕರೆದಿದ್ದಾರೆ."

ಅಮ್ಮ ಒಂದು ಮಾತನ್ನು ಎರಡನೇ ಸಲ ಹೇಳುವವಳಲ್ಲ. ಮತ್ತೆ ಆ ವಿಷಯ ಎತ್ತಲಿಲ್ಲ. ಎರಡು ತಿಂಗಳು ಅಪ್ಪನ ಹಿಂದೆ ಬಿದ್ದವಳು ನಾನು. ಗಾಡಿಯಲ್ಲಿ, ಅಂಗಳದಲ್ಲಿ, ಕೊನೆಗೆ ಜೂನ್ ತಿಂಗಳ ಆ ಶನಿವಾರ ವೇದಿಕೆಯ ಹಿಂದೆ ಅವನ ತೋಳು ಹಿಡಿದುಕೊಂಡೆ.

"ಅಪ್ಪಾ, ನೆನಪಿದೆ ತಾನೆ?"

"ನೂರು ಸಲ ಹೇಳ್ಬೇಡ್ವೇ ಟ್ರೆಸ್ಸಾ. ನನಗೇನು ಬುದ್ಧಿ ಇಲ್ವಾ?"

"ಅದಕ್ಕೆ ಉತ್ತರ ಬೇಕಾ?"

"ಮುಚ್ಚು ಬಾಯಿ. ಮೊದಲು ನಿನ್ನ ಶ್ರುತಿ ನೋಡ್ಕೋ."

ಸಂಜೆ ನಾಲ್ಕಕ್ಕೆ ಹತ್ತಿದೆವು. ಬೆಳಿಗ್ಗೆಯೇ ತಂದು ಸಾಲಾಗಿ ಹಾಕಿಟ್ಟ ಮಡಿಸುವ ಕುರ್ಚಿಗಳಲ್ಲಿ ಪ್ರತಿವರ್ಷದ ಅದೇ ಮುಖಗಳು, ತಮ್ಮ ತಮ್ಮ ಜಾಗದಲ್ಲಿ. ಒಂದೇ ಮೈಕು. ನಾವು ಮೂವರು ಸರದಿಯ ಮೇಲೆ ಅದರ ಮುಂದೆ ಬರುತ್ತೇವೆ, ಸರಿಯುತ್ತೇವೆ. ಅಮ್ಮ ಹಿಂದೆ ನಿಂತಲ್ಲೇ ನಿಲ್ಲುತ್ತಾಳೆ. ನಾಲ್ಕು ಹಾಡು ಚೆನ್ನಾಗಿಯೇ ಆಯಿತು. ಅಪ್ಪ ಮಾತು ಶುರುಮಾಡಿದ. ನನ್ನ ಹೆಸರು ಹೇಳಿದ, ಗಾರ್ಲಿನ್ ಹೆಸರು ಹೇಳಿದ.

"ಇನ್ನು ಬಾಸ್ ನುಡಿಸ್ತಿರೋಳು," ಎಂದು ನಿಲ್ಲಿಸಿದ. ಟೋಪಿ ಸರಿಮಾಡಿಕೊಂಡ. "ಓಲೀನ್ ರಾಸ್ನಿಕ್."

ಹೇಳಿಬಿಟ್ಟ. ಸ್ಪಷ್ಟವಾಗಿ, ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ಹೇಳಿದ.

ಆಗ ಟಕ್ ಎಂದಿತು.

ನನ್ನ ಕೈ. ಈ ಹಾಳಾದ ಕೈ, ನನ್ನನ್ನು ಒಂದು ಮಾತು ಕೇಳದೆ, ಇಪ್ಪತ್ತಾರು ವರ್ಷದ ರೂಢಿಯಂತೆ ಪೆಟ್ಟು ಕೊಟ್ಟುಬಿಟ್ಟಿತ್ತು. ಜನ ಗೊಳ್ಳೆಂದು ನಕ್ಕರು. ಮೂರನೇ ಸಾಲಿನಿಂದ ಒಬ್ಬ ಮುದುಕ ಉಳಿದದ್ದನ್ನು ತಾನೇ ಪೂರೈಸಿದ: "ವ್ಯಾನು ಇವಳ್ದು!" ಇಡೀ ಮೈದಾನ ಅದನ್ನೇ ಹೇಳಿತು.

"ಇಲ್ಲ, ಇಲ್ಲ, ಕೇಳಿ," ಎಂದ ಅಪ್ಪ. "ತಮಾಷೆ ಅಲ್ಲ. ಓಲೀನ್ ರಾಸ್ನಿಕ್. ಇವಳ ಹಾಗೆ ತಾಳ ಹಿಡಿಯೋರು ಈ ಗುಡ್ಡದ ಆಚೆಗೂ ಇಲ್ಲ, ಈಚೆಗೂ ಇಲ್ಲ."

ಅವರು ಇನ್ನೂ ಜೋರಾಗಿ ನಕ್ಕರು. ಡೆನ್ವರ್ ಈ ವರ್ಷ ಹಾಸ್ಯವನ್ನು ಉದ್ದ ಮಾಡಿದ್ದಾನೆ ಎಂದುಕೊಂಡರು. ಒಬ್ಬಳು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅಪ್ಪ ಮೈಕು ಬಿಟ್ಟು ಹಿಂದೆ ತಿರುಗಿ ಅಮ್ಮನನ್ನು ನೋಡಿದ. ಅವಳು ಮುಂದಿನ ಹಾಡಿನ ಮೊದಲ ಸ್ವರ ನುಡಿಸಿದಳು. ಹಾಡು ಎತ್ತುವುದು ಬಾಸಿನವರ ಕೆಲಸವಲ್ಲ, ಆದರೆ ಎತ್ತಿದಳು. ನಾವು ಸೇರಿಕೊಳ್ಳಲೇಬೇಕಾಯಿತು. ಉಳಿದ ಐದು ಹಾಡಿನಲ್ಲಿ ಅವಳ ಒಂದು ಪೆಟ್ಟೂ ತಪ್ಪಲಿಲ್ಲ. ತಪ್ಪಿದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ವೇದಿಕೆಯ ಹಿಂದೆ ಅಮ್ಮ ಬಾಸನ್ನು ಅದರ ಗಟ್ಟಿ ಪೆಟ್ಟಿಗೆಯಲ್ಲಿ ಮಲಗಿಸಿ ಕೊಕ್ಕೆಗಳನ್ನು ಹಾಕತೊಡಗಿದಳು.

"ಅಮ್ಮಾ, ನನ್ನ ಕೈ ತಾನಾಗೇ..."

"ಗೊತ್ತು. ಅದಕ್ಕೇನು ಗೊತ್ತು ಪಾಪ, ನಾವು ಹೇಳಿಕೊಟ್ಟಿದ್ದು."

"ನಾನು ಹೇಳಿದ್ನಲ್ಲ ಓಲೀನ್," ಎಂದ ಅಪ್ಪ. "ನೀನು ಹೇಳು ಅಂದ ಹಾಗೇ ಹೇಳಿದೆ. ಎರಡು ಸಲ ಹೇಳಿದೆ."

"ಹೇಳಿದೆ ಡೆನ್ವರ್. ಇಲ್ಲ ಅನ್ನಲ್ಲ," ಎಂದು ಅವಳು ಕೊನೆಯ ಕೊಕ್ಕೆ ಹಾಕಿದಳು. "ಕೇಳಿಸ್ಕೊಳ್ಳೋರನ್ನ ಮಾತ್ರ ನೀನು ಉಳಿಸಿಲ್ಲ."

ಕಿಲ್ಗೋರ್ ಅಕ್ಕತಂಗಿಯರ ಗಾಡಿ ಮೈದಾನದ ಆ ತುದಿಯಲ್ಲಿ ನಿಂತಿತ್ತು. ಅಮ್ಮ ಪೆಟ್ಟಿಗೆಯ ದಪ್ಪ ತುದಿಯನ್ನು ಎತ್ತಿದಳು. ಇನ್ನೊಂದು ತುದಿಯನ್ನು ಯಾವಾಗಲೂ ನಾನೋ ಗಾರ್ಲಿನ್ನೋ ಹಿಡಿಯುವುದು. ನಾನು ಬಗ್ಗುವಷ್ಟರಲ್ಲಿ ಅಪ್ಪ ಅಡ್ಡ ಬಂದು ಹಿಡಿದುಕೊಂಡ. ಎಲ್ಲಿಗೆ ಹೊರುತ್ತಿದ್ದೇನೆ ಎಂದು ತಿಳಿದೇ ಹಿಡಿದುಕೊಂಡ.

ಕುರ್ಚಿಗಳ ಸಾಲು ದಾಟಿ ಸ್ವಲ್ಪ ದೂರ ಹೋದವನು ನಿಂತ. ಮುಖ ಕೆಂಪಾಗಿತ್ತು, ಉಸಿರು ಸಿಕ್ಕಿಕೊಂಡಿತ್ತು.

"ಇದು ಇಷ್ಟು ಭಾರ ಇದೆಯೇನೇ?" ಎಂದು ಕೇಳಿದ.

"ನಡಿ," ಎಂದಳು ಅಮ್ಮ.