ಒದ್ದು ನೋಡಿದ ಟೈರು

ಕಾರಿನ ಟೈರನ್ನು ಒದ್ದು ನೋಡುವ ಗಂಡಸರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಒದ್ದರೆ ಏನು ತಿಳಿಯುತ್ತದೆ ಎಂದು ಎಷ್ಟೋ ವರ್ಷದಿಂದ ಕೇಳುತ್ತಿದ್ದೇನೆ, ಒಬ್ಬರೂ ಉತ್ತರ ಹೇಳಿಲ್ಲ. ಕಲ್ಲಂಗಡಿಯನ್ನು ತಟ್ಟಿ ನೋಡುವುದರಲ್ಲಿ ಅರ್ಥವಿದೆ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲುಗಾಡಿಸುವುದರಲ್ಲೂ ಇದೆ. ಟೈರು ಮಾತ್ರ ಒದೆ ತಿಂದು ಯಾವ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ. ಆದರೂ ಒದ್ದವರ ಮುಖದಲ್ಲಿ ಅದೇನು ತೃಪ್ತಿ! "ಏನೂ ಆಗಲ್ಲ" ಎಂದು ತೀರ್ಪು ಕೊಟ್ಟು, ಪ್ಯಾಂಟು ಕೊಡವಿಕೊಂಡು ಹೊರಟುಬಿಡುತ್ತಾರೆ.

ಈ ಸಿಟ್ಟು ಸುಮ್ಮನೆ ಬಂದದ್ದಲ್ಲ. ಜಾಲಹಳ್ಳಿ ಕ್ರಾಸಿನಿಂದ ನಮ್ಮ ಮನೆಯ ಕಡೆ ತಿರುಗುವಲ್ಲಿ ಒಂದು ಗುಂಡಿಯಿದೆ. ಮೊದಲು ಕೇಬಲ್ಲಿಗೆಂದು ಅಗೆದರು, ಮುಚ್ಚಿದರು. ನೀರಿನ ಪೈಪಿಗೆಂದು ಮತ್ತೆ ಅಗೆದರು, ಅರ್ಧ ಮುಚ್ಚಿದರು. ಉಳಿದರ್ಧವನ್ನು ಯಾರು ಮುಚ್ಚಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲವಂತೆ. ಮಳೆ ಬಂದರೆ ಅದು ನೀರು ತುಂಬಿಕೊಂಡು ಸಾಧು ರಸ್ತೆಯಂತೆ ಕಾಣುತ್ತದೆ. ಹೋದ ಮಳೆಗಾಲದ ಕೊನೆಯ ದಿನಗಳ ಒಂದು ಸಂಜೆ ನನ್ನ ಕಾರಿನ ಮುಂದಿನ ಚಕ್ರ ಅದರೊಳಗೆ ಧಡ್ಡೆಂದು ಇಳಿಯಿತು. ಮನೆಗೆ ಬಂದು ನೋಡಿದರೆ ಟೈರಿನ ಪಕ್ಕೆಯಲ್ಲಿ ಅರ್ಧ ನಿಂಬೆಹಣ್ಣಿನಷ್ಟು ಉಬ್ಬು. ಗಾಳಿ ಹೋಗಿರಲಿಲ್ಲ. ಹೋಗಿದ್ದರೆ ಚೆನ್ನಾಗಿತ್ತು, ಯಾರನ್ನೂ ಕೇಳುವ ಪ್ರಮೇಯ ಬರುತ್ತಿರಲಿಲ್ಲ.

ನಮ್ಮೆಜಮಾನರು ಬಂದರು, ಎರಡು ಸಲ ಒದ್ದರು. "ಗಟ್ಟಿಯಾಗಿದೆ ಕಣೇ, ಏನೂ ಆಗಲ್ಲ" ಅಂದರು. ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರೂ ಬಂದು ಒಂದು ಒದೆ ಕೊಟ್ಟರು. ಅವರದೂ ಅದೇ ಅಭಿಪ್ರಾಯ. ಆಯುಧಪೂಜೆಯ ದಿನ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡಲು ಮೊಣಕಾಲೂರಿ ಬಗ್ಗುವ ಜನ ಇವರೇ. ಟೈರನ್ನು ನೋಡಲು ಮಾತ್ರ ಒಬ್ಬರಿಗೂ ಸೊಂಟ ಬಗ್ಗಲಿಲ್ಲ.

ಹಾಗೆಂದು ನಾನೇನೂ ತಿಳಿಯದವಳಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪಂಪಿನ ಬಿಡಿಭಾಗಗಳನ್ನು ಪರೀಕ್ಷೆ ಮಾಡುವುದೇ ನನ್ನ ಹೊಟ್ಟೆಪಾಡು. ಎರಕದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುತ್ತೇನೆ. ಬೆನ್ನ ಹಿಂದೆ ನನ್ನನ್ನು 'ರಿಜೆಕ್ಟ್ ಮೇಡಂ' ಅನ್ನುತ್ತಾರೆ, ಅದು ನನಗೆ ಗೊತ್ತಿದೆ ಎಂಬುದೂ ಅವರಿಗೆ ಗೊತ್ತಿದೆ. ಆದ್ದರಿಂದ ಒಂದು ನಿಮಿಷ ನನ್ನ ಪಾಂಡಿತ್ಯವನ್ನು ಸಹಿಸಿಕೊಳ್ಳಿ. ಟೈರಿನಲ್ಲಿ ನೆಲಕ್ಕೆ ತಾಗುವ ಭಾಗ ದಪ್ಪ. ಅಲ್ಲಿ ಮೊಳೆ ಚುಚ್ಚಿದರೆ ಪಂಕ್ಚರ್ ಹಾಕಿ ಓಡಿಸಬಹುದು. ಪಕ್ಕೆ ಹಾಗಲ್ಲ. ಅದು ಪ್ರತಿ ಸುತ್ತಿಗೂ ಬಾಗಿ ಏಳಬೇಕಾದ್ದರಿಂದ ತೆಳ್ಳಗಿರುತ್ತದೆ. ಅದರ ಬಲವೆಲ್ಲ ಒಳಗೆ ನೇಯ್ದ ದಾರಗಳಲ್ಲಿ. ಹೊರಗೆ ಉಬ್ಬು ಬಂತೆಂದರೆ ಒಳಗೆ ದಾರ ಹರಿದಿದೆ, ಅಷ್ಟು ಗಾಳಿಯನ್ನೂ ಬರೀ ರಬ್ಬರಿನ ಚರ್ಮ ಹಿಡಿದು ನಿಂತಿದೆ ಎಂದರ್ಥ. ಅದಕ್ಕೆ ತೇಪೆಯಿಲ್ಲ, ಹೊಲಿಗೆಯಿಲ್ಲ. ನಾಳೆಯೇ ಸಿಡಿಯಬಹುದು, ಆರು ತಿಂಗಳು ಬಾಳಲೂಬಹುದು. ಇಂಥ ದಿನ ಎಂದು ಹೇಳುವವರು ಯಾರೂ ಇಲ್ಲ.

ಇಷ್ಟೆಲ್ಲ ತಿಳಿದೂ ನಾನು ದಾಸರಹಳ್ಳಿಯ ಟೈರ್ ಅಂಗಡಿಗೆ ಹೋದದ್ದು ಹೊಸದನ್ನು ಕೊಳ್ಳಲಿಕ್ಕಲ್ಲ, ಇನ್ನೊಂದು ಅಭಿಪ್ರಾಯ ಕೇಳಲಿಕ್ಕೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅನ್ನುತ್ತಾರಲ್ಲ. ನಾನು ಹಾಲು ಅನ್ನ ಹೇಳುವ ವೈದ್ಯನನ್ನು ಹುಡುಕಿಕೊಂಡು ಹೊರಟಿದ್ದೆ. ಅಂಗಡಿಯ ಬಾಬಣ್ಣ ನನ್ನ ಹಿಂದೆ ಇಣುಕಿ ನೋಡಿ, "ಸಾರ್ ಬಂದಿಲ್ವಾ ಮೇಡಂ?" ಅಂದ. ಸಾರ್ ಬಂದಿದ್ದರೆ ಇನ್ನೆರಡು ಸಲ ಒದೆಯುತ್ತಿದ್ದರು, ಅಷ್ಟೆ. ಬಾಬಣ್ಣ ಉಬ್ಬನ್ನು ಹೆಬ್ಬೆರಳಿನಿಂದ ಒತ್ತಿದ. "ಇದನ್ನ ಹಿಂದಕ್ಕೆ ಹಾಕಿಸ್ಬಿಡಿ. ಮುಂದೆ ಇಂಜಿನ್ ಭಾರ ಇರುತ್ತೆ, ಹಿಂದೆ ಏನಿರುತ್ತೆ? ಆರಾಮಾಗಿ ಓಡುತ್ತೆ."

"ಈ ಟೈರಲ್ಲಿ ನಿಮ್ಮ ಮನೆಯವ್ರನ್ನ ಕೂರಿಸ್ಕೊಂಡು ಹೋಗ್ತೀರಾ?" ಎಂದು ಕೇಳಿದೆ.

"ನಾನು ಸ್ವಲ್ಪ ಸ್ಪೀಡು ಮೇಡಂ. ನೀವು ಲೇಡೀಸು, ನಿಧಾನಕ್ಕೆ ಓಡಿಸ್ತೀರಲ್ಲ."

ಆ ಕ್ಷಣದಲ್ಲೇ ಕಾರು ತಿರುಗಿಸಿಕೊಂಡು ಬರಬೇಕಿತ್ತು. ಬರಲಿಲ್ಲ. ಅದಕ್ಕೆ ಕಾರಣ ನಮ್ಮ ಕಾರ್ಖಾನೆಯ ಒಂದು ಅಭ್ಯಾಸ. ತಿಂಗಳ ಕೊನೆಯಲ್ಲಿ ಮಾಲು ಹೋಗಲೇಬೇಕಾದಾಗ, ಅಳತೆ ತಪ್ಪಿದ ಪೀಸುಗಳಿಗೆ 'ಡೀವಿಯೇಶನ್' ಎಂಬ ಒಂದು ಚೀಟಿ ಬರೆಯುತ್ತಾರೆ. ಈ ಒಂದು ಸಲಕ್ಕೆ ಒಪ್ಪಿಕೊಳ್ಳಲಾಗಿದೆ ಎಂದು ಮೇಲಿನವರು ಸಹಿ ಹಾಕುತ್ತಾರೆ. ಸಹಿ ಬಿದ್ದ ಮಾತ್ರಕ್ಕೆ ಕಬ್ಬಿಣಕ್ಕೆ ಬುದ್ಧಿ ಬರುತ್ತದೆಯೇ ಎಂದು ನಾನು ಎಷ್ಟೋ ಮ್ಯಾನೇಜರುಗಳ ಜೊತೆ ಜಗಳವಾಡಿದ್ದೇನೆ. ಆಚಾರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ! ನನ್ನ ಟೈರಿಗೆ ನಾನೇ ಮನಸ್ಸಿನಲ್ಲಿ ಚೀಟಿ ಬರೆದು, ಸಹಿ ಹಾಕಿ, ಹಿಂದಿನ ಎಡಗಡೆಗೆ ಹಾಕಿಸಿಕೊಂಡು ಬಂದೆ. ಹಿಂದಿನ ಟೈರು ಸಿಡಿದರೆ ಗಾಡಿ ಇನ್ನೂ ಬೇಗ ಹಿಡಿತ ತಪ್ಪುತ್ತದೆ ಎಂಬುದನ್ನು ಆಮೇಲೆ ಓದಿದೆ. ಓದಿಯೂ ಸುಮ್ಮನಿದ್ದೆ.

ಹಿಂದಿನ ಎಡಗಡೆ ಕೂರುವವರು ನಮ್ಮತ್ತೆ. ಪೀಣ್ಯದಲ್ಲಿ ಶೆಡ್ಡುಗಳು ಏಳುವ ಮುಂಚೆ ಅಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನದವರು. ಮುಂದಿನ ಸೀಟಿನ ಬೆಲ್ಟು ಕುತ್ತಿಗೆ ಕೊಯ್ಯುತ್ತದೆ ಎಂದು ಅಲ್ಲಿ ಕೂರುವುದಿಲ್ಲ. ಪ್ರತಿ ಶನಿವಾರ ಅವರನ್ನು ಬೇಗೂರಿನಲ್ಲಿರುವ ಅವರ ತಂಗಿಯ ಮನೆಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ತುಮಕೂರು ರಸ್ತೆಯಿಂದ ಟೋಲ್ ರಸ್ತೆ ಹಿಡಿದರೆ ಅಲ್ಲಿ ಎಲ್ಲರೂ ನೂರರ ಮೇಲೆಯೇ ಓಡುವವರು. ನಾನು ಐವತ್ತರಲ್ಲಿ ಹೋಗುತ್ತಿದ್ದೆ. ಹಿಂದಿನವರು ಹಾರನ್ ಹೊಡೆದು ಬೈದುಕೊಂಡು ಮುಂದೆ ಹೋಗುತ್ತಿದ್ದರು. ಅತ್ತೆ ತಂಗಿಗೆಂದು ಒಯ್ಯುತ್ತಿದ್ದ ಅವರೆಕಾಯಿ ಚೀಲ ಕಾಲ ಬಳಿ ಇಟ್ಟುಕೊಂಡು ನಿದ್ದೆ ಮಾಡುತ್ತಿದ್ದರು. ನನಗೆ ಮಾತ್ರ ಕಿವಿಯೆಲ್ಲ ಆ ಚಕ್ರದ ಮೇಲೆ. ಎರಡು ಶನಿವಾರ ಹೀಗೆ ಕಳೆದವು. ಆ ಭಯವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ, ಏಕೆಂದರೆ ಭಯಪಟ್ಟೆನೇ ಹೊರತು ಕಾರು ನಿಲ್ಲಿಸಲಿಲ್ಲ.

ಮೂರನೆಯ ಶನಿವಾರ ಗಾಳಿ ಹಾಕಿಸಲು ಬಾಬಣ್ಣನ ಅಂಗಡಿಯಲ್ಲಿ ನಿಲ್ಲಿಸಿದೆ. ಕಾಲು ಹಿಡಿದುಕೊಂಡಿದೆ ಎಂದು ಅತ್ತೆ ಕೆಳಗಿಳಿದು, ಹಿಂದಿನ ಚಕ್ರದ ಪಕ್ಕದಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು. ಬಾಬಣ್ಣ ಪೈಪು ಹಿಡಿದು ಬಗ್ಗಿದವನು ಹಾಗೇ ಎದ್ದು ನಿಂತ.

"ಅಜ್ಜಿ, ಸ್ವಲ್ಪ ಎದ್ದು ಆ ಕಡೆ ಹೋಗಿ."

"ಯಾಕೆ?" ಅಂದೆ ನಾನು.

"ಉಬ್ಬು ದೊಡ್ಡದಾಗಿದೆ ಮೇಡಂ. ಗಾಳಿ ಹೊಡೆಯೋವಾಗ ಸಿಡಿದ್ರೆ ಕಷ್ಟ. ಪಕ್ಕದಲ್ಲಿ ಯಾರೂ ಕೂರ್ಬಾರ್ದು."

ನನಗೆ ಬಂದ ಕೋಪವನ್ನು ಹೇಗೆ ಹೇಳಲಿ! ನಿಂತ ಗಾಡಿಯ ಪಕ್ಕದಲ್ಲಿ ಕೂರಬಾರದಂತೆ, ಓಡುವ ಗಾಡಿಯಲ್ಲಿ ಅದರ ಮೇಲೆಯೇ ಕೂರಬಹುದಂತೆ! ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಕೂಗಾಡಿದೆ. ಬಾಬಣ್ಣನಿಗೆ ಬೈದೆ, ಗುಂಡಿ ತೋಡಿದವರಿಗೆ ಬೈದೆ, ಅಲ್ಲಿಲ್ಲದ ಗಂಡನಿಗೂ ಎರಡು ಮಾತು ಬೈದೆ. ಬೈಯುತ್ತ ಬೈಯುತ್ತ, ಇವರೆಲ್ಲರಿಗಿಂತ ಚೆನ್ನಾಗಿ ನನಗೇ ಗೊತ್ತಿತ್ತಲ್ಲ ಎನ್ನಿಸಿ ಮಾತು ನಿಂತುಹೋಯಿತು.

ಅತ್ತೆ ಬಗ್ಗಿದರು. ಮೊಣಕಾಲು ನೋವಿನವರು, ಎಂಬತ್ತರ ಹತ್ತಿರದವರು, ನಮ್ಮ ಮನೆಯಲ್ಲಿ ಆ ಟೈರನ್ನು ಬಗ್ಗಿ ನೋಡಿದ ಮೊದಲನೆಯವರು. ಅಂಗೈಯಿಂದ ಸವರಿ, "ಬಾತ್ಕಂಡೈತೆ. ಯಾವಾಗ್ನಿಂದ ಇಂಗೈತೆ?" ಅಂದರು.

ಮೂರು ವಾರವಾಯಿತು ಎಂದೆ. ಬೇಕೆಂದೇ ಹಿಂದಕ್ಕೆ ಹಾಕಿಸಿದ್ದನ್ನೂ ಹೇಳಿದೆ.

ಅವರು ಕಾರು ಹಿಡಿದುಕೊಂಡು ಮೇಲೆದ್ದರು. "ಅದ್ಕೇನಾ ಅಷ್ಟು ಮೆತ್ತಗೆ ಓಡುಸ್ತಿದ್ದೆ? ನನ್ ಸೊಸೆಗೆ ನನ್ ಮ್ಯಾಲೆ ಅಕ್ಕರೆ ಜಾಸ್ತಿ ಆಗೈತೆ ಅಂತ ತಂಗಿ ಮುಂದೆ ಹೇಳ್ಕಂಡಿದ್ನಲ್ಲವ್ವ."

ಹೊಸ ಟೈರು ಹಾಕಿ ಎಂದು ಬಾಬಣ್ಣನಿಗೆ ಹೇಳಿದೆ. ಅವನು ಹಾಕಿದ. ಹಳೆಯದನ್ನು ಮೂಲೆಯ ರಾಶಿಯ ಕಡೆಗೆ ಉರುಳಿಸಿಕೊಂಡು ಹೊರಟ. ಆ ರಾಶಿ ಗುಜರಿಯದಲ್ಲ, ಸೆಕೆಂಡ್ ಹ್ಯಾಂಡ್ ಮಾರುವುದು.

"ಅದನ್ನ ಇಲ್ಲೇ ಕುಯ್ದುಬಿಡಿ," ಅಂದೆ. ನಮ್ಮಲ್ಲಿ ರಿಜೆಕ್ಟ್ ಆದ ಪೀಸನ್ನು ಸುತ್ತಿಗೆಯಿಂದ ಒಡೆದೇ ಹೊರಗೆ ಹಾಕುತ್ತೇವೆ. ಇಲ್ಲದಿದ್ದರೆ ಅದು ಬಣ್ಣ ಒರೆಸಿಕೊಂಡು ಯಾವುದಾದರೊಂದು ಡಬ್ಬದಲ್ಲಿ ವಾಪಸ್ಸು ಬರುತ್ತದೆ.

ಬಾಬಣ್ಣನಿಗೆ ನಿಜಕ್ಕೂ ಸಂಕಟವಾಯಿತು. "ಅಯ್ಯೋ ಮೇಡಂ, ಇನ್ನೂ ಎಷ್ಟು ಚೆನ್ನಾಗಿ ಬಟನ್ ಇದೆ ನೋಡಿ, ಮೇಲಿನ ಅಚ್ಚು ಸವೆದೇ ಇಲ್ಲ. ಸುಮ್ನೆ ಯಾಕೆ ಹಾಳು ಮಾಡೋದು? ಯಾರಾದ್ರೂ ಹಿಂದಕ್ಕೆ ಹಾಕ್ಕೊಂಡು ಓಡಿಸ್ಕೋತಾರೆ."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕಾರಿನ ಬಾಗಿಲು ಹಿಡಿದುಕೊಂಡು ಅವನ ಕಡೆ ತಿರುಗಿದರು.

"ಅವ್ರಿಗೂ ಒಬ್ಳು ಅತ್ತೆ ಇರ್ತಾಳೆ ಕಣಪ್ಪ. ಕುಯ್ಯಿ."